ಮಗಳ ಮೆಡಿಕಲ್ ಸೀಟಿನ ಅರ್ಜಿ: ಸೆಕೆಂಡ್ ಪಿಯು ಇರುವಾಗಲೇ ಮನೆಯವರು ಏನೇನು ಮಾಡಿಟ್ಟುಕೊಳ್ಳಬೇಕು?

ತೋಟದಮನೆ (ಹೊಸನಗರ ತಾಲ್ಲೂಕು) ಕೇಳಿದ್ದು:

ಮಗಳು ಶಿವಮೊಗ್ಗದಲ್ಲಿ ಹಾಸ್ಟೆಲಿನಲ್ಲಿದ್ದು ಸೆಕೆಂಡ್ ಪಿಯು ಓದುತ್ತಿದ್ದಾಳೆ, ಪಿಸಿಎಂಬಿ. ಎಂಬಿಬಿಎಸ್ಸೇ ಆಗಬೇಕು ಅಂತ ಹಟ. ಓದಿನ ವಿಚಾರ ಅವಳು, ಅವಳ ಲೆಕ್ಚರರ್‌ಗಳು ನೋಡಿಕೊಳ್ಳುತ್ತಾರೆ. ಕಾಗದಪತ್ರ, ಅರ್ಜಿ, ಕೌನ್ಸೆಲಿಂಗು ನಮ್ಮ ಪಾಲಿಗೆ. ಮನೆಯಲ್ಲಿ ಇದನ್ನು ಹಿಂದೆ ಮಾಡಿದವರು ಯಾರೂ ಇಲ್ಲ.

ವಿವರ ಹೇಳುತ್ತೇನೆ. ಪ್ರವರ್ಗ 2ಎ. 1ರಿಂದ 7 ಊರಿನ ಸರ್ಕಾರಿ ಶಾಲೆ, 8ರಿಂದ 10 ಹೊಸನಗರ ಪೇಟೆಯ ಹೈಸ್ಕೂಲು, ಎಲ್ಲ ಕನ್ನಡ ಮಾಧ್ಯಮ. ಜಾತಿ-ಆದಾಯ ಸರ್ಟಿಫಿಕೇಟು ಅವಳು ಏಳನೇ ಕ್ಲಾಸಿನಲ್ಲಿದ್ದಾಗ ಮಾಡಿಸಿದ್ದು. ಒಂದೂವರೆ ಎಕರೆ ಅಡಿಕೆ ತೋಟ ಇದೆ, ಅದಕ್ಕೆ ತಾಗಿ ಒಂದಿಷ್ಟು ಬಗರ್‌ಹುಕುಂ.

ಗ್ರಾಮೀಣ ಕೋಟಾ ಸಿಗುತ್ತದಾ? ನೀಟ್ ಬರೆದರೆ ಸಾಕಾ, ಸಿಇಟಿಗೂ ಹಾಕಬೇಕಾ? ಯಾರೋ ಫೋನು ಮಾಡಿ "ಮ್ಯಾನೇಜ್‌ಮೆಂಟ್ ಸೀಟು ಈಗಲೇ ಬುಕ್ ಮಾಡಿ" ಅನ್ನುತ್ತಿದ್ದಾರೆ, ಅದು ಏನು ಕಥೆ? ಗೊತ್ತಿದ್ದವರು ಬಿಡಿಸಿ ಹೇಳಿ.

---

ಕಡತದ ಕಟ್ಟು:

ಅಣ್ಣ, ಮೊದಲು ಕೋಟಾ ವಿಚಾರ. ಗ್ರಾಮೀಣ ಕೋಟಾ ಸಿಗುವುದಿಲ್ಲ. 1ರಿಂದ 10ರವರೆಗೆ ಹತ್ತಕ್ಕೆ ಹತ್ತು ವರ್ಷವೂ ಗ್ರಾಮೀಣ ಪ್ರದೇಶದ ಶಾಲೆಯಲ್ಲೇ ಓದಿರಬೇಕು. ಹೊಸನಗರ ಪಟ್ಟಣ ಪಂಚಾಯಿತಿ, ಹಾಗಾಗಿ ಆ ಮೂರು ವರ್ಷ ಲೆಕ್ಕಕ್ಕೆ ಬರುವುದಿಲ್ಲ. ನಮ್ಮ ಕಡೆ ಇದರಲ್ಲೇ ಹೆಚ್ಚು ಜನ ಎಡವುವುದು. ಸುತ್ತ ಕಾಡಿದೆ, ಬಸ್ಸು ದಿನಕ್ಕೆ ನಾಲ್ಕೇ ಇದೆ, ಇದು ಹಳ್ಳಿಯಲ್ಲದೆ ಮತ್ತೇನು ಅಂದುಕೊಳ್ಳುತ್ತೇವೆ. ಆದರೆ ಜೋಗ-ಕಾರ್ಗಲ್ ಕೂಡ ಕಾಗದದ ಮೇಲೆ ಪಟ್ಟಣ ಪಂಚಾಯಿತಿಯೇ. ಶಾಲೆ ನಿಂತ ಜಾಗ ಗ್ರಾಮ ಪಂಚಾಯಿತಿಯದ್ದೋ ಪಟ್ಟಣ ಪಂಚಾಯಿತಿಯದ್ದೋ ಅನ್ನುವುದಷ್ಟೇ ಮುಖ್ಯ, ನಿಮ್ಮ ಮನೆ ಎಲ್ಲಿದೆ ಅನ್ನುವುದಲ್ಲ. ಇದನ್ನು ಓದುವವರ ಮನೆಯಲ್ಲಿ ಏಳನೇ ಕ್ಲಾಸಿನ ಮಕ್ಕಳಿದ್ದರೆ, ಹೈಸ್ಕೂಲಿಗೆ ಪೇಟೆಗೆ ಕಳಿಸುವ ಮೊದಲು ಈ ಲೆಕ್ಕ ಒಮ್ಮೆ ಹಾಕಿ.

ಆದರೆ ನಿಮ್ಮ ಮಗಳಿಗೆ ಕನ್ನಡ ಮಾಧ್ಯಮದ ಕೋಟಾ ಇದೆ. 1ರಿಂದ 10 ಕನ್ನಡ ಮಾಧ್ಯಮ ಅಂದರೆ ಶೇ. 5ರ ಸಮತಲ ಮೀಸಲಾತಿ, 2ಎ ಒಳಗೇ ಬೇರೆ ಸಾಲಾಗಿ ಬರುತ್ತದೆ. ಪೇಟೆಯಲ್ಲಿ ಓದಿದ್ದು ಇದಕ್ಕೆ ಅಡ್ಡಿಯಿಲ್ಲ.

ಈಗ ಮಾಡಬೇಕಾದ್ದು:

ಆದಾಯದ ಸರ್ಟಿಫಿಕೇಟಿಗೆ 5 ವರ್ಷವೇ ಆಯುಸ್ಸು. ಏಳನೇ ಕ್ಲಾಸಿನದ್ದು ಕೌನ್ಸೆಲಿಂಗ್ ಹೊತ್ತಿಗೆ ಸತ್ತಿರುತ್ತದೆ. ನಾಡಕಚೇರಿಯಲ್ಲಿ ಈಗಲೇ ಹೊಸದಕ್ಕೆ ಹಾಕಿ. 2ಎ, 2ಬಿ, 3ಎ, 3ಬಿಯವರಿಗೆ ಜಾತಿ-ಆದಾಯ ಒಟ್ಟಿಗೆ ನಮೂನೆ 'ಎಫ್'ನಲ್ಲಿ ಬರುತ್ತದೆ. ಪ್ರವರ್ಗ 1ಕ್ಕೆ 'ಇ', ಎಸ್‌ಸಿ-ಎಸ್‌ಟಿಗೆ 'ಡಿ'. ಸರ್ಟಿಫಿಕೇಟು ಮಗಳ ಹೆಸರಿನಲ್ಲೇ ಇರಬೇಕು, ನಿಮ್ಮ ಹೆಸರಿನದ್ದು ನಡೆಯುವುದಿಲ್ಲ. ಮೂರು-ನಾಲ್ಕು ವಾರ ಕೈಯಲ್ಲಿ ಇಟ್ಟುಕೊಳ್ಳಿ. ಪಿಯು ಫಲಿತಾಂಶದ ಹೊತ್ತಿಗೆ ತಾಲ್ಲೂಕಿಗೆ ತಾಲ್ಲೂಕೇ ಅಲ್ಲಿ ಸಾಲು ನಿಂತಿರುತ್ತದೆ.

ಸರ್ಟಿಫಿಕೇಟಿನ ಮೇಲಿರುವ ಆರ್‌ಡಿ ನಂಬರೇ ಮುಖ್ಯ. ಕೆಇಎ (ಸಿಇಟಿ ನಡೆಸಿ, ರಾಜ್ಯದ ಸೀಟು ಹಂಚುವ ಪ್ರಾಧಿಕಾರ) ಅರ್ಜಿಯಲ್ಲಿ ಅದನ್ನು ಹಾಕಿದ ಕೂಡಲೇ ಕಂದಾಯ ಇಲಾಖೆಯ ಕಡತದಿಂದ ಹೆಸರು ಎಳೆದು ತೋರಿಸುತ್ತದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಹೆಸರಿಗೂ ಅದಕ್ಕೂ ತಾಳೆ ಬೀಳದಿದ್ದರೆ ಪರಿಶೀಲನೆಯಲ್ಲಿ ನಿಂತುಬಿಡುತ್ತದೆ. ಇನಿಷಿಯಲ್ ಹಿಂದೆ-ಮುಂದೆ ಆಗಿರುವುದು, ಆಧಾರಿನಲ್ಲಿ ಅಪ್ಪನ ಹೆಸರು ಪೂರ್ತಿ ಸೇರಿರುವುದು, ಇಂಗ್ಲಿಷ್ ಸ್ಪೆಲ್ಲಿಂಗಿನಲ್ಲಿ ಒಂದು ಅಕ್ಷರ ಹೆಚ್ಚಿರುವುದು, ಇವೇ ಮೂರು ತಪ್ಪು ಮತ್ತೆ ಮತ್ತೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನೇ ಮೂಲ ಅಂತಿಟ್ಟುಕೊಂಡು ಆಧಾರ್, ಜಾತಿ ಸರ್ಟಿಫಿಕೇಟು ಎರಡನ್ನೂ ಅದಕ್ಕೆ ಹೊಂದಿಸಿ.

ಕನ್ನಡ ಮಾಧ್ಯಮದ್ದು ಸ್ಯಾಟ್ಸ್ ನಂಬರಿನ (ಪ್ರತಿ ವಿದ್ಯಾರ್ಥಿಗೂ ಇರುವ ಶಾಲಾ ದಾಖಲೆಯ ಗುರುತು) ಮೇಲೆ ಶಿಕ್ಷಣ ಇಲಾಖೆಯ ದಾಖಲೆಯಿಂದ ಬರುತ್ತದೆ. ಹೈಸ್ಕೂಲಿಗೆ ಒಮ್ಮೆ ಹೋಗಿ, ಅವಳ ಸ್ಯಾಟ್ಸ್ ದಾಖಲೆಯಲ್ಲಿ ಮಾಧ್ಯಮ ಅನ್ನುವಲ್ಲಿ ಏನಿದೆ ಅಂತ ಕಣ್ಣಾರೆ ನೋಡಿ. ಒಂದೇ ಶಾಲೆಯಲ್ಲಿ ಕನ್ನಡ, ಇಂಗ್ಲಿಷ್ ಎರಡೂ ವಿಭಾಗ ಇದ್ದರೆ ತಪ್ಪಿ ಇಂಗ್ಲಿಷ್ ಅಂತ ಬಿದ್ದಿರುವ ಸಾಧ್ಯತೆ ಇದೆ. ಜೊತೆಗೆ 1ರಿಂದ 10ರ ವ್ಯಾಸಂಗ ಪ್ರಮಾಣಪತ್ರಕ್ಕೆ ಎರಡೂ ಶಾಲೆಯ ಮುಖ್ಯಶಿಕ್ಷಕರ ಸಹಿ ಹಾಕಿಸಿ, ಬಿಇಒ ಮೇಲುಸಹಿ ಮಾಡಿಸಿ ಇಟ್ಟುಕೊಳ್ಳಿ. ಕರ್ನಾಟಕದಲ್ಲಿ ಕನಿಷ್ಠ 7 ವರ್ಷ ಓದಿದ್ದಕ್ಕೂ ಅದೇ ದಾಖಲೆ ಆಗುತ್ತದೆ. ಏಪ್ರಿಲ್-ಮೇನಲ್ಲಿ ಶಾಲೆಗೆ ರಜೆ, ಮೇಷ್ಟ್ರು ಸಿಗುವುದಿಲ್ಲ. ಡಿಸೆಂಬರ್ ಒಳಗೆ ಮುಗಿಸಿ.

---

ತುಂಗೆಯ ಈಚೆ:

ಮೇಲಿನವರು ಹೇಳಿದ್ದಕ್ಕೆ ಒಂದು ಸೇರಿಸಬೇಕು, ಇದು ಬಹಳ ಜನರಿಗೆ ಗೊತ್ತಿಲ್ಲ. ರಾಜ್ಯದ 2ಎ ಬೇರೆ, ಕೇಂದ್ರದ ಒಬಿಸಿ ಬೇರೆ. ನೀಟ್ ಅರ್ಜಿ ಆ ಪರೀಕ್ಷೆ ನಡೆಸುವ ಕೇಂದ್ರದ ಸಂಸ್ಥೆ ಎನ್‌ಟಿಎಯದ್ದು. ಅದರಲ್ಲಿ ಒಬಿಸಿ-ಎನ್‌ಸಿಎಲ್ (ಕೆನೆಪದರಕ್ಕೆ ಸೇರದ ಹಿಂದುಳಿದ ವರ್ಗ) ಅಂತ ಗುರುತು ಹಾಕಬೇಕಾದರೆ ನಿಮ್ಮ ಜಾತಿ ಕೇಂದ್ರದ ಪಟ್ಟಿಯಲ್ಲಿರಬೇಕು, ಸರ್ಟಿಫಿಕೇಟೂ ಕೇಂದ್ರದ ನಮೂನೆಯಲ್ಲೇ ಬೇಕು, ಅದೂ ಆ ಹಣಕಾಸು ವರ್ಷಕ್ಕೆ ತಕ್ಕ ಹೊಸದು. ರಾಜ್ಯದ 'ಎಫ್' ನಮೂನೆ ತೋರಿಸಿದರೆ ಅಖಿಲ ಭಾರತ ಕೋಟಾದ ಸೀಟು ಹಂಚುವ ಎಂಸಿಸಿಯವರು ಒಪ್ಪುವುದಿಲ್ಲ. ಕೇಂದ್ರದ ಪಟ್ಟಿಯಲ್ಲಿ ಜಾತಿ ಇಲ್ಲದಿದ್ದರೆ ನೀಟ್‌ನಲ್ಲಿ ಜನರಲ್ ಅಂತಲೇ ಹಾಕಿ. ಅದರಿಂದ ಕೆಇಎಯಲ್ಲಿ 2ಎ ಕೇಳಲು ಏನೂ ತೊಂದರೆಯಿಲ್ಲ, ಅದು ಬೇರೆಯೇ ಅರ್ಜಿ.

ಇನ್ನು ಕ್ಯಾಲೆಂಡರ್. 2025ರ ಲೆಕ್ಕ ಹೇಳುತ್ತೇನೆ, ಸುಮಾರಾಗಿ ವರ್ಷವೂ ಇದೇ ಓಟ. ಜನವರಿ ಕೊನೆಗೆ ಕೆಇಎ ಅರ್ಜಿ ಶುರು. ಫೆಬ್ರವರಿ 7ರಿಂದ ಮಾರ್ಚ್ 7 ನೀಟ್ ಅರ್ಜಿ. ಮಾರ್ಚ್ 1ರಿಂದ ಪಿಯು ಪರೀಕ್ಷೆ. ಏಪ್ರಿಲ್ 16-17 ಸಿಇಟಿ. ಮೇ 4, ಭಾನುವಾರ, ನೀಟ್. ನೀಟ್ ಅರ್ಜಿಯ ಕೊನೆಯ ವಾರ, ಪಿಯು ಪರೀಕ್ಷೆಯ ಮೊದಲ ವಾರ ಎರಡೂ ಒಂದರ ಮೇಲೊಂದು ಬಿದ್ದವು ನೋಡಿ. ಹಾಗಾಗಿ ಅರ್ಜಿ ಮೊದಲ ವಾರದಲ್ಲೇ ತುಂಬಿಸಿ, ಮಗುವನ್ನು ಸೈಬರ್ ಸೆಂಟರಿಗೆ ಅಲೆಸಬೇಡಿ.

ಅರ್ಜಿ ಶುಲ್ಕ 2025ರಲ್ಲಿ ಜನರಲ್‌ಗೆ 1700, ಒಬಿಸಿ-ಎನ್‌ಸಿಎಲ್ ಮತ್ತು ಇಡಬ್ಲ್ಯೂಎಸ್‌ಗೆ 1600, ಎಸ್‌ಸಿ-ಎಸ್‌ಟಿಗೆ 1000 ರೂಪಾಯಿ. ಫೋಟೊ ಬಿಳಿ ಹಿನ್ನೆಲೆಯದ್ದು, ಎರಡೂ ಕಿವಿ ಕಾಣಬೇಕು. ಸ್ಟುಡಿಯೋದವರು ಅಭ್ಯಾಸಬಲದಿಂದ ನೀಲಿ ಹಿನ್ನೆಲೆ ಹಾಕಿಬಿಡುತ್ತಾರೆ, ಮೊದಲೇ ಹೇಳಿ. ಪಾಸ್‌ಪೋರ್ಟ್ ಅಳತೆಯದ್ದು ಹತ್ತು-ಹನ್ನೆರಡು ಪ್ರತಿ, ಪೋಸ್ಟ್‌ಕಾರ್ಡ್ ಅಳತೆಯದ್ದು ನಾಲ್ಕು ಪ್ರತಿ ಒಂದೇ ಸಲ ತೆಗೆಸಿಡಿ. ಪರೀಕ್ಷೆಯ ದಿನಕ್ಕೂ ಕೌನ್ಸೆಲಿಂಗಿಗೂ ಅದೇ ಫೋಟೊ ಬೇಕು.

ಮೊಬೈಲ್ ನಂಬರು, ಇಮೇಲ್ ನಿಮ್ಮದು ಅಥವಾ ಮಗಳದ್ದೇ ಕೊಡಿ. ಸೈಬರಿನವನ ಇಮೇಲ್ ಹಾಕಿಸಿಕೊಂಡು ಬಂದರೆ ಆಗಸ್ಟಿನಲ್ಲಿ ಪಾಸ್‌ವರ್ಡ್ ಮರೆತಾಗ ಅವನ ಅಂಗಡಿ ಬಾಗಿಲು ತೆಗೆಯುವುದನ್ನು ಕಾಯಬೇಕಾಗುತ್ತದೆ.

ಪ್ರಶ್ನೆಪತ್ರಿಕೆಯ ಭಾಷೆ ಕನ್ನಡ ಅಂತ ಆರಿಸಿದರೆ ಪುಸ್ತಿಕೆಯಲ್ಲಿ ಕನ್ನಡ, ಇಂಗ್ಲಿಷ್ ಎರಡೂ ಇರುತ್ತದೆ. ಅನುವಾದದಲ್ಲಿ ಗೊಂದಲವಾದರೆ ಇಂಗ್ಲಿಷಿನದ್ದೇ ಅಂತಿಮ. ಪಿಯುನಲ್ಲಿ ಇಂಗ್ಲಿಷಿನಲ್ಲಿ ಓದಿದವಳಿಗೆ ಇದರಿಂದ ನಷ್ಟವಿಲ್ಲ. ಕನ್ನಡದ ಪಾರಿಭಾಷಿಕ ಪದ ನೋಡಿ ಗಲಿಬಿಲಿ ಆಗುವವಳಾದರೆ ಇಂಗ್ಲಿಷೇ ಇರಲಿ. ಅವಳನ್ನೇ ಕೇಳಿ, ಅಪ್ಪ-ಅಮ್ಮ ನಿರ್ಧರಿಸುವ ವಿಷಯವಲ್ಲ.

ಪರೀಕ್ಷೆ ಮಧ್ಯಾಹ್ನ 2ರಿಂದ 5. 180 ಪ್ರಶ್ನೆ, 180 ನಿಮಿಷ, 720 ಅಂಕ. ಸರಿಯಿದ್ದರೆ 4, ತಪ್ಪಿದರೆ 1 ಕಡಿತ. ಅದರಲ್ಲಿ ಬಯಾಲಜಿಯೇ 90 ಪ್ರಶ್ನೆ. ಪೆನ್ನಿನಲ್ಲಿ ಓಎಂಆರ್ (ಉತ್ತರದ ವೃತ್ತಗಳಿರುವ ಹಾಳೆ) ತುಂಬುವುದು, ಕಂಪ್ಯೂಟರಿನಲ್ಲಲ್ಲ. ಕೊನೆಯ ಎರಡು ತಿಂಗಳು ಭಾನುವಾರ 2ರಿಂದ 5ಕ್ಕೇ ಕೂತು, ಓಎಂಆರ್ ಹಾಳೆ ಪ್ರಿಂಟ್ ಹಾಕಿಕೊಂಡು ಬರೆಯಲಿ. ಊಟ ಮಾಡಿ ತೂಕಡಿಸುವ ಹೊತ್ತು ಅದು, ದೇಹಕ್ಕೆ ಅಭ್ಯಾಸ ಆಗಬೇಕು. ಮಧ್ಯಾಹ್ನ 1.30ಕ್ಕೆ ಗೇಟು ಮುಚ್ಚುತ್ತಾರೆ. ಶಿವಮೊಗ್ಗದಲ್ಲೇ ಕೇಂದ್ರ ಇರುತ್ತದೆ, ಮೊದಲ ಆಯ್ಕೆ ಅದನ್ನೇ ಕೊಡಿ. ತುಂಬು ತೋಳಿನ ಅಂಗಿ, ಶೂ ಬೇಡ. ಅರ್ಧ ತೋಳು, ತೆಳು ಚಪ್ಪಲಿ ಸಾಕು.

---

ತೋಟದಮನೆ:

ಇಬ್ಬರಿಗೂ ಉಪಕಾರ. ನಾಳೆಯೇ ನಾಡಕಚೇರಿಗೆ ಹೋಗುತ್ತೇನೆ. ಇನ್ನೊಂದು ಅನುಮಾನ. ನೀಟ್‌ನಲ್ಲಿ "ಕ್ವಾಲಿಫೈ" ಆದರೆ ಸೀಟು ಸಿಕ್ಕಿದ ಹಾಗೆಯಾ? ಎಷ್ಟು ಅಂಕ ಬಂದರೆ ಸಿಮ್ಸ್ (ಶಿವಮೊಗ್ಗದ ಸರ್ಕಾರಿ ಮೆಡಿಕಲ್ ಕಾಲೇಜು) ಸಿಗಬಹುದು? ಹಾಗೇ ಕೌನ್ಸೆಲಿಂಗಿನಲ್ಲಿ ಒಂದನೇ ಚಾಯ್ಸ್, ಎರಡನೇ ಚಾಯ್ಸ್ ಅಂತಾರಲ್ಲ, ಅದು ತಲೆಗೆ ಹತ್ತುತ್ತಿಲ್ಲ.

---

ಆಪ್ಷನ್ ಎಂಟ್ರಿ:

ಕ್ವಾಲಿಫೈ ಅನ್ನುವುದು ಗೇಟಿನ ಒಳಗೆ ಬಿಡುವ ಚೀಟಿ ಅಷ್ಟೆ, ಸೀಟಲ್ಲ ಮಾರಾಯ್ರೆ. 2025ರಲ್ಲಿ ಜನರಲ್‌ನವರಿಗೆ 144, ಮೀಸಲಾತಿಯವರಿಗೆ 113 ಬಂದರೂ ಕ್ವಾಲಿಫೈ. ಆ ಅಂಕಕ್ಕೆ ಸರ್ಕಾರಿ ಕಾಲೇಜು ಹತ್ತಿರವೂ ಬರುವುದಿಲ್ಲ.

ಅಂಕ ಹಿಡಿದು ಲೆಕ್ಕ ಹಾಕಬೇಡಿ, ರ್‍ಯಾಂಕ್ ಹಿಡಿಯಿರಿ. 2024ರಲ್ಲಿ 720ಕ್ಕೆ 720 ತೆಗೆದವರೇ ಹಲವರಿದ್ದರು, 650 ದಾಟಿದವರು ಸಾವಿರಾರು. 2025ರ ಪತ್ರಿಕೆ ಕಠಿಣವಾಗಿ ಮೊದಲ ರ್‍ಯಾಂಕಿಗೇ 686, 650 ದಾಟಿದವರು ದೇಶಕ್ಕೆಲ್ಲ 73 ಮಂದಿ. ಹಾಗಾಗಿ "ಪಕ್ಕದ ಮನೆಯವನಿಗೆ 600ಕ್ಕೆ ಸಿಕ್ಕಿತ್ತು" ಅನ್ನುವ ಮಾತಿಗೆ ವರ್ಷ ಗೊತ್ತಿಲ್ಲದೆ ಅರ್ಥವಿಲ್ಲ. ಕೆಇಎ ವೆಬ್‌ಸೈಟಿನಲ್ಲಿ ಹಿಂದಿನ ವರ್ಷಗಳ ಕಟ್‌ಆಫ್ ಪಟ್ಟಿ ಇರುತ್ತದೆ. ಕಾಲೇಜಿನ ಎದುರು 2ಎಜಿ, 2ಎಕೆ, 2ಎಆರ್ ಅಂತ ಕಾಲಂ ಕಾಣುತ್ತದೆ. ಜಿ ಅಂದರೆ ಸಾಮಾನ್ಯ, ಕೆ ಕನ್ನಡ ಮಾಧ್ಯಮ, ಆರ್ ಗ್ರಾಮೀಣ. ನಿಮ್ಮ ಮಗಳದ್ದು 2ಎಜಿ ಮತ್ತು 2ಎಕೆ. ಪ್ರತಿ ಸುತ್ತಿನದ್ದೂ ತೆಗೆದು, ಮೊದಲ ಸುತ್ತಿಗೂ ಕೊನೆಯ ಸುತ್ತಿಗೂ ಎಷ್ಟು ಜಾರಿದೆ ಅಂತ ನೋಡಿ. ಇದಕ್ಕಿಂತ ಒಳ್ಳೆಯ ಜ್ಯೋತಿಷ್ಯ ಇಲ್ಲ.

ಸೀಟು ಹಂಚುವುದು ಎರಡು ಕಡೆ. ಸರ್ಕಾರಿ ಕಾಲೇಜಿನ ಶೇ. 15 ದೆಹಲಿಯ ಎಂಸಿಸಿಯಿಂದ, ಉಳಿದದ್ದು ಕೆಇಎಯಿಂದ. ಸಿಮ್ಸ್‌ನ 150ರಲ್ಲಿ ಸುಮಾರು 22 ಅಖಿಲ ಭಾರತ ಕೋಟಾಕ್ಕೆ ಹೋಗುತ್ತದೆ ಅಂದುಕೊಳ್ಳಿ. ಎರಡಕ್ಕೂ ನೋಂದಾಯಿಸಿ. ಎಂಸಿಸಿಯಲ್ಲಿ ಅಖಿಲ ಭಾರತ ಕೋಟಾಕ್ಕೆ ಜನರಲ್‌ನವರು 1,000 ಶುಲ್ಕ, 10,000 ಠೇವಣಿ. ಒಬಿಸಿ, ಎಸ್‌ಸಿ, ಎಸ್‌ಟಿಯವರು 500 ಮತ್ತು 5,000. ಡೀಮ್ಡ್ ಕಾಲೇಜಿಗೂ (ವಿಶ್ವವಿದ್ಯಾಲಯದ ಸ್ಥಾನ ಪಡೆದ ಖಾಸಗಿ ಸಂಸ್ಥೆ) ಸೇರಿಸಿದರೆ ಠೇವಣಿಯೇ 2 ಲಕ್ಷ. ಆ ಫೀಸು ಕಟ್ಟುವ ಶಕ್ತಿ ಇಲ್ಲದಿದ್ದರೆ ಆ ಪೆಟ್ಟಿಗೆಗೆ ಟಿಕ್ ಹಾಕಲೇಬೇಡಿ.

ಕೆಇಎ ಆಪ್ಷನ್ ಎಂಟ್ರಿಯಲ್ಲಿ (ಬೇಕಾದ ಕಾಲೇಜುಗಳ ಪಟ್ಟಿ ಕ್ರಮವಾಗಿ ತುಂಬುವುದು) ಒಂದೇ ಕಾಲೇಜು ಬೇರೆ ಬೇರೆ ಫೀಸಿನಲ್ಲಿ ಎರಡು-ಮೂರು ಸಲ ಬರುತ್ತದೆ. ಇಲ್ಲಿ ಜಿ ಅಂದರೆ ಸರ್ಕಾರಿ ಸೀಟು (2ಎಜಿಯ ಜಿ ಅಲ್ಲ), ಪಿ ಖಾಸಗಿ ಸೀಟು, ಎನ್ ಅನಿವಾಸಿ, ಕ್ಯೂ ಇತರೆ. ಕಾಲೇಜಿನ ಹೆಸರು ನೋಡಿ ಪಿ ಸೀಟನ್ನು ಮೇಲೆ ಹಾಕಿಬಿಟ್ಟರೆ, ಅದು ಸಿಕ್ಕ ಮೇಲೆ ಕೆಳಗಿನ ಆಪ್ಷನ್‌ಗಳೆಲ್ಲ ಸತ್ತ ಹಾಗೆ. ಪ್ರತಿ ಸಾಲಿನಲ್ಲೂ ಫೀಸಿನ ಅಂಕಿ ನೋಡಿಯೇ ಕ್ರಮ ಹಾಕಿ. ಸಿಮ್ಸ್, ಚಿಕ್ಕಮಗಳೂರು, ಹಾಸನ, ಕಾರವಾರ, ಚಿತ್ರದುರ್ಗ, ಹುಬ್ಬಳ್ಳಿ ಅಂತ ಹತ್ತಿರದ್ದಷ್ಟೇ ಹಾಕಿ ಸುಮ್ಮನಾಗಬೇಡಿ. ಬೀದರ್, ಕೊಪ್ಪಳದ ಸರ್ಕಾರಿ ಕಾಲೇಜೂ ಎಂಬಿಬಿಎಸ್ಸೇ ಕೊಡುವುದು. ಎಷ್ಟು ಆಪ್ಷನ್ ಹಾಕಿದರೂ ನಷ್ಟವಿಲ್ಲ, ಬೇಡದ್ದನ್ನು ಮಾತ್ರ ಹಾಕಬಾರದು.

ಮೊದಲು ಅಣಕು ಸೀಟು ಹಂಚಿಕೆ ಮಾಡುತ್ತಾರೆ. ಅದು ನಿಜವಾದ ಸೀಟಲ್ಲ, ಆದರೆ ನಿಮ್ಮ ಪಟ್ಟಿ ಎಲ್ಲಿ ಸಡಿಲ ಅಂತ ತೋರಿಸುತ್ತದೆ. ಅದಾದ ಮೇಲೆ ಕ್ರಮ ಬದಲಿಸಲು ಒಂದೆರಡು ದಿನ ಕೊಡುತ್ತಾರೆ.

ಈಗ ಚಾಯ್ಸ್. ಸೀಟು ಬಂದ ಮೇಲೆ ನಾಲ್ಕರಲ್ಲಿ ಒಂದು ಒತ್ತಬೇಕು. ಒಂದನೇದು: ಸಾಕು, ಫೀಸು ಕಟ್ಟಿ ಸೇರುತ್ತೇನೆ. ಎರಡನೇದು: ಇದು ಕೈಯಲ್ಲಿರಲಿ, ಮುಂದಿನ ಸುತ್ತಿನಲ್ಲಿ ಮೇಲಿನದು ಸಿಕ್ಕರೆ ಅದಕ್ಕೆ ಹೋಗುತ್ತೇನೆ. ಮೂರನೇದು: ಇದು ಬೇಡ, ಮುಂದಿನ ಸುತ್ತು ನೋಡುತ್ತೇನೆ. ನಾಲ್ಕನೇದು: ನನ್ನನ್ನು ಬಿಡಿ. ಎರಡನೇದಕ್ಕೂ ಮೂರನೇದಕ್ಕೂ ವ್ಯತ್ಯಾಸ ಗೊತ್ತಿಲ್ಲದೆ ಮೂರನ್ನು ಒತ್ತಿ, ಸೀಟು ಇನ್ನೂ ನಮ್ಮದೇ ಅಂತ ಕೂತವರಿಗೆ ಏನೂ ಉಳಿಯುವುದಿಲ್ಲ. ಎರಡನೇದಕ್ಕೂ ಇತ್ತೀಚೆಗೆ ಫೀಸು ಕಟ್ಟಿಸಿಕೊಂಡೇ ಸೀಟು ಹಿಡಿದಿಡುತ್ತಾರೆ, ದುಡ್ಡು ತಯಾರಿರಲಿ. ಮತ್ತೆ ಎರಡನೇದು ಒತ್ತಿ ಮೇಲಿನ ಆಪ್ಷನ್ ಸಿಕ್ಕಿತು ಅಂದರೆ ಹಳೆಯ ಸೀಟು ತಾನಾಗಿಯೇ ಹೋಗುತ್ತದೆ. "ಇಲ್ಲ, ಹಿಂದಿನದೇ ಚೆನ್ನಾಗಿತ್ತು" ಅನ್ನಲು ಬರುವುದಿಲ್ಲ. ಎರಡನೇದು ಒತ್ತುವ ಮೊದಲು ಮೇಲಿನ ಸಾಲಿನ ಪ್ರತಿಯೊಂದಕ್ಕೂ ನಿಜವಾಗಿ ಹೋಗುತ್ತೀರಾ ಅಂತ ಮನೆಯವರೆಲ್ಲ ಕೂತು ಮಾತಾಡಿ.

ಕೊನೆಯ ಸುತ್ತುಗಳಲ್ಲಿ ಆಟ ಬೇಡ. ಎಂಸಿಸಿಯ ಸ್ಟ್ರೇ ಸುತ್ತಿನಲ್ಲಿ (ಉಳಿದ ಸೀಟುಗಳ ಕೊನೆಯ ಸುತ್ತು) ಬಂದ ಸೀಟಿಗೆ ಸೇರದಿದ್ದರೆ ಠೇವಣಿ ಹೋಗುವುದಲ್ಲದೆ ಮುಂದಿನ ವರ್ಷದ ನೀಟಿಗೂ ತಡೆ ಬೀಳುತ್ತದೆ.

---

ಜಡಿಮಳೆ:

ಎಲ್ಲ ಸರಿ, ಒಂದು ಮರೆತಿರಿ. ಇದೆಲ್ಲ ನಡೆಯುವುದು ಜುಲೈ-ಆಗಸ್ಟಿನಲ್ಲಿ. ಹೊಸನಗರ, ತೀರ್ಥಹಳ್ಳಿ ಕಡೆ ಆಗ ಏನು ಸ್ಥಿತಿ ಅಂತ ಹೇಳಬೇಕಾ? ಮರ ಬಿದ್ದು ಕರೆಂಟಿಲ್ಲ, ಕರೆಂಟಿಲ್ಲದೆ ಟವರಿಲ್ಲ. ಚಾಯ್ಸ್ ಒತ್ತಲು ಒಂದೋ ಎರಡೋ ದಿನ ಕೊಡುತ್ತಾರೆ, ಓಟಿಪಿ ಬರದೆ ಬಾಕಿ ಆದರೆ ಕೇಳುವವರಿಲ್ಲ. ಸುತ್ತಿನ ಫಲಿತಾಂಶ ಬರುವ ವಾರ ಓಟಿಪಿ ಬರುವ ಆ ಸಿಮ್ಮು ಶಿವಮೊಗ್ಗದಲ್ಲಿ ಮಗಳ ಕೈಯಲ್ಲಿರಲಿ, ಇಲ್ಲವೇ ನೀವೇ ಸಾಗರಕ್ಕೋ ಶಿವಮೊಗ್ಗಕ್ಕೋ ಹೋಗಿ ನೆಂಟರ ಮನೆಯಲ್ಲಿ ಉಳಿಯಿರಿ. ಸರ್ಟಿಫಿಕೇಟುಗಳ ಸ್ಕ್ಯಾನ್ ಪ್ರತಿ ಫೋನಿನಲ್ಲೂ ಪೆನ್‌ಡ್ರೈವಿನಲ್ಲೂ ಇರಲಿ. ಮೂಲ ಪ್ರತಿ ದಪ್ಪ ಪ್ಲಾಸ್ಟಿಕ್ ಫೈಲಿನಲ್ಲಿ. ಮಳೆಯಲ್ಲಿ ನೆನೆದ ಅಂಕಪಟ್ಟಿಗೆ ನಕಲು ಪ್ರತಿ ತೆಗೆಸುವುದು ಒಂದು ತಿಂಗಳ ಕೆಲಸ. ಕಾಲೇಜಿನವರು ಮೂಲ ಪ್ರತಿ ಇಟ್ಟುಕೊಳ್ಳುತ್ತಾರೆ, ಸೇರುವ ಮೊದಲೇ ಐದು ಸೆಟ್ ಜೆರಾಕ್ಸ್ ಮಾಡಿಸಿ.

ಫೀಸು ಆನ್‌ಲೈನಿನಲ್ಲಿ ಕಟ್ಟುವುದಾದರೆ ನಿಮ್ಮ ಖಾತೆಯ ದಿನದ ಮಿತಿ ಎಷ್ಟು ಅಂತ ಬ್ಯಾಂಕಿನಲ್ಲಿ ಮೊದಲೇ ಕೇಳಿ. ಕೊನೆಯ ದಿನ ಗೊತ್ತಾಗುವ ವಿಷಯ ಅದಲ್ಲ.

---

ಸಾಲದ ಪುಸ್ತಕ:

ದುಡ್ಡಿನ ಲೆಕ್ಕ ಯಾರೂ ಹೇಳಲಿಲ್ಲ. ಸರ್ಕಾರಿ ಕಾಲೇಜಿನಲ್ಲಿ ವರ್ಷಕ್ಕೆ 60 ಸಾವಿರದ ಆಸುಪಾಸು. ಖಾಸಗಿ ಕಾಲೇಜಿನ ಜಿ ಸೀಟು ಒಂದೂವರೆ ಲಕ್ಷದ ಆಸುಪಾಸು. ಪಿ ಸೀಟು ಹತ್ತು ಲಕ್ಷದ ಮೇಲೆ. ಕ್ಯೂ, ಡೀಮ್ಡ್ ಇಪ್ಪತ್ತರ ಮೇಲೆ. ಹಾಸ್ಟೆಲು, ಮೆಸ್ಸು, ಪುಸ್ತಕ ಬೇರೆ. ನಾಲ್ಕೂವರೆ ವರ್ಷದ ಓದು, ಆಮೇಲೆ ಒಂದು ವರ್ಷ ಇಂಟರ್ನ್‌ಶಿಪ್. ಒಂದು ವರ್ಷದ ಅಡಿಕೆ ರೇಟು ನೋಡಿ ಪಿ ಸೀಟಿಗೆ ಕೈ ಹಾಕುವವರಿದ್ದಾರೆ. ಫೀಸು ಐದು ಕಂತು, ಕೊಳೆರೋಗ ಯಾವ ವರ್ಷ ಬರುತ್ತದೋ ಹೇಳುವವರಿಲ್ಲ.

ಶಿಕ್ಷಣ ಸಾಲ ಸಾಮಾನ್ಯವಾಗಿ 4 ಲಕ್ಷದವರೆಗೆ ಜಾಮೀನಿಲ್ಲದೆ, 7.5 ಲಕ್ಷದವರೆಗೆ ಮೂರನೆಯವರ ಜಾಮೀನಿನ ಮೇಲೆ, ಅದಕ್ಕೂ ಮೇಲೆ ಆಸ್ತಿ ಅಡಮಾನ. ತೋಟ ಇದೆಯಲ್ಲ ಅನ್ನಬೇಡಿ. ಕೋರ್ಟಿಗೆ ಹೋಗದೆ ಬ್ಯಾಂಕು ಅಡಮಾನದ ಆಸ್ತಿ ವಶಕ್ಕೆ ತೆಗೆದುಕೊಳ್ಳುವ ಸರ್ಫೇಸಿ ಕಾಯ್ದೆ ಕೃಷಿ ಜಮೀನಿಗೆ ಅನ್ವಯಿಸುವುದಿಲ್ಲ, ಸಾಲ ನಿಂತರೆ ಆ ದಾರಿಯಲ್ಲಿ ವಸೂಲಿ ಮಾಡಲಾಗುವುದಿಲ್ಲ, ಹಾಗಾಗಿ ಶಿಕ್ಷಣ ಸಾಲಕ್ಕೆ ಬ್ಯಾಂಕಿನವರು ಸೈಟು, ಮನೆ ಕೇಳುತ್ತಾರೆ. ಬಗರ್‌ಹುಕುಂ ಹಕ್ಕುಪತ್ರ ಆಗದೆ ಅಡಮಾನಕ್ಕೆ ಬರುವುದೇ ಇಲ್ಲ. ಮೇ ತಿಂಗಳಲ್ಲೇ ಬ್ಯಾಂಕಿಗೆ ಹೋಗಿ ಏನೇನು ಕಾಗದ ಬೇಕು ಅಂತ ಪಟ್ಟಿ ತನ್ನಿ. ಸೀಟು ಸಿಕ್ಕ ಮೇಲೆ ಶುರುಮಾಡಿದರೆ ಮೊದಲ ಕಂತಿಗೆ ಸಾಲ ಬರುವುದಿಲ್ಲ, ಅದನ್ನು ಕೈಯಿಂದಲೇ ಕಟ್ಟಬೇಕು.

ಫೋನು ಮಾಡಿದವನ ನಂಬರು ಬ್ಲಾಕ್ ಮಾಡಿ. ಖಾಸಗಿ ಕಾಲೇಜಿನ ಸೀಟೂ ನೀಟ್ ರ್‍ಯಾಂಕಿನ ಮೇಲೆ ಕೆಇಎ ಅಥವಾ ಎಂಸಿಸಿ ಮೂಲಕವೇ ಹಂಚಿಕೆ. ಮೊದಲೇ "ಬುಕ್" ಮಾಡುವ ಸೀಟು ಅಂತ ಯಾವುದೂ ಇಲ್ಲ. ಹೊರದೇಶದ ಮಾತು ಎತ್ತಿದರೂ ಇಷ್ಟು ಕೇಳಿ: ಇಂಗ್ಲಿಷ್ ಮಾಧ್ಯಮದಲ್ಲಿ ಕನಿಷ್ಠ 54 ತಿಂಗಳ ಓದು ಮತ್ತು ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್ ಇದೆಯಾ? 2021ರ ನಿಯಮದ ಪ್ರಕಾರ ಅದಿಲ್ಲದ ಡಿಗ್ರಿಗೆ ಇಲ್ಲಿ ನೋಂದಣಿ ಸಿಗುವುದಿಲ್ಲ. ಅಲ್ಲಿಗೆ ಹೋಗಲೂ ನೀಟ್ ಕ್ವಾಲಿಫೈ ಆಗಿರಲೇಬೇಕು.

---

ಕಡತದ ಕಟ್ಟು:

ಸಿಇಟಿ ಪ್ರಶ್ನೆಗೆ ಉತ್ತರ ಬಿಟ್ಟುಹೋಗಿದೆ. ಬರೆಸಿ ಅಣ್ಣ, ತಪ್ಪಿಸಬೇಡಿ. ಎಂಬಿಬಿಎಸ್, ಡೆಂಟಲ್, ಆಯುರ್ವೇದ ನೀಟ್ ಮೇಲೆ. ಪಶುವೈದ್ಯ, ಕೃಷಿ, ಫಾರ್ಮಸಿ ರಾಜ್ಯದ ಸೀಟು ಸಿಇಟಿ ಮೇಲೆ. ಶಿವಮೊಗ್ಗದಲ್ಲೇ ಪಶುವೈದ್ಯಕೀಯ ಕಾಲೇಜಿದೆ, ಸರ್ಕಾರಿ ಆಯುರ್ವೇದ ಕಾಲೇಜೂ ಇದೆ. ಎಂಬಿಬಿಎಸ್‌ಗೆ ಪಿಯು ಅಂಕ ಅರ್ಹತೆಗೆ ಮಾತ್ರ, ಪಿಸಿಬಿಯಲ್ಲಿ ಜನರಲ್‌ಗೆ ಶೇ. 50, ಮೀಸಲಾತಿಗೆ ಶೇ. 40. ಆದರೆ ಪಶುವೈದ್ಯಕ್ಕೆ ಪಿಯುದು ಅರ್ಧ, ಸಿಇಟಿದು ಅರ್ಧ ಸೇರಿ ರ್‍ಯಾಂಕ್. ನೀಟ್ ಗುಂಗಿನಲ್ಲಿ ಪಿಯು ಪರೀಕ್ಷೆ ಕೈಬಿಟ್ಟವರಿಗೆ ಈ ಬಾಗಿಲೂ ಮುಚ್ಚುತ್ತದೆ.

ಕೃಷಿಕರ ಮಕ್ಕಳ ಕೋಟಾವೂ ಈ ಕೃಷಿ, ಪಶುವೈದ್ಯ ಸೀಟುಗಳಲ್ಲಿದೆ, ಅದಕ್ಕೆ ಬೇರೆ ಸರ್ಟಿಫಿಕೇಟು, ಬೇರೆ ಪ್ರಾಯೋಗಿಕ ಪರೀಕ್ಷೆ. ಕೆಇಎ ಅರ್ಜಿಯಲ್ಲೇ ಅದಕ್ಕೆ ಗುರುತು ಹಾಕಬೇಕು. ನಾಳೆ ನಾಡಕಚೇರಿಗೆ ಹೋಗುವಾಗ ಪಹಣಿಯೂ ಕೈಯಲ್ಲಿರಲಿ, ಎರಡು ಕೆಲಸ ಒಂದೇ ಬಸ್ಸಿನಲ್ಲಿ ಆಗುತ್ತದೆ.